ಬೆಟ್ಟದ ಬೆನ್ನಿಗೆ ಹುಲ್ಲು ಹಾಸಿದ ಡಿಸೆಂಬರ್

ಚಳಿಗಾಲದಲ್ಲಿ ಬೆಟ್ಟ ಹತ್ತುವುದು ಸುಲಭ ಎಂದು ನಮ್ಮ ಕಡೆಯವರಿಗೆ ಯಾರು ಹೇಳಿಕೊಟ್ಟರೋ ತಿಳಿಯದು. ಮಳೆ ಇಲ್ಲ, ರಕ್ತ ಹೀರುವ ಉಂಬಳದ ಕಾಟ ಇಲ್ಲ, ಬಿಸಿಲು ಹಿತವಾಗಿರುತ್ತದೆ, ಇನ್ನೇನು ಬೇಕು ಎಂದು ಕೇಳುತ್ತಾರೆ. ಅರಣ್ಯ ಇಲಾಖೆಯ ಗಾರ್ಡ್ ಆಗಿ ಕಡಬ ತಾಲೂಕಿನ ಒಂದು ಬೆಟ್ಟದ ಬುಡಕ್ಕೆ ಬಂದ ಮೊದಲ ವರ್ಷ ನಾನೂ ಹಾಗೆಯೇ ತಿಳಿದಿದ್ದೆ. ಎರಡನೆಯ ವರ್ಷದ ಡಿಸೆಂಬರಿನಲ್ಲಿ ಹತ್ತೇ ದಿನಗಳೊಳಗೆ ಆ ತಿಳಿವಳಿಕೆ ಪೂರ್ತಿ ಕಳಚಿಬಿತ್ತು. ಕಳಚಿದ್ದು ನನ್ನದೇ ತಪ್ಪಿನಿಂದ. ಆ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡವರು ಮಾತ್ರ ಬೇರೆಯವರು. ನಾನು ಇದನ್ನು ಬರೆಯಲು ಕೂತದ್ದು ಅವರಿಗಾಗಿ.

ನನ್ನ ಕೆಲಸ ಹೀಗಿತ್ತು. ಪ್ರತಿ ಗುರುವಾರ ಚಾರಣದ ದಾರಿಯನ್ನು ಬುಡದಿಂದ ತುದಿಯವರೆಗೆ ನಡೆದು ನೋಡಬೇಕು. ಬಿದ್ದ ಮರ, ಕುಸಿದ ಅಂಚು, ಆನೆಯ ಲದ್ದಿ, ನೀರಿನ ಸ್ಥಿತಿ ಎಲ್ಲವನ್ನೂ ದಾರಿಯ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ನಾನು 'ಯೋಗ್ಯ' ಎಂದು ಬರೆದರೆ ಶುಕ್ರವಾರದಿಂದ ಭಾನುವಾರದವರೆಗೆ ಗೇಟು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ದಾರಿಯ ಮೊದಲರ್ಧ ಕಾಡು. ಆಮೇಲೆ ಮರಗಳು ಮುಗಿದು ಹುಲ್ಲು ಶುರುವಾಗುತ್ತದೆ. ಕೊನೆಯ ಒಂದು ಗಂಟೆಯ ನಡಿಗೆ ಬೆಟ್ಟದ ಬೆನ್ನಿನ ಮೇಲೆ. ಅಲ್ಲಿ ದಾರಿ ಒಬ್ಬರು ನಡೆಯುವಷ್ಟೇ ಅಗಲ, ಎರಡೂ ಕಡೆ ಇಳಿಜಾರು. ಆ ಹುಲ್ಲಿಗೆ ನಾವು ಮುಳಿ ಎನ್ನುತ್ತೇವೆ, ಹಿಂದೆ ಮನೆಗಳ ಮಾಡಿಗೆ ಹೊದೆಸುತ್ತಿದ್ದ ಹುಲ್ಲು ಅದೇ. ಅಕ್ಟೋಬರಿನವರೆಗೆ ಹಸಿರಾಗಿ ಬಗ್ಗಿಕೊಂಡಿರುವ ಮುಳಿ ಡಿಸೆಂಬರಿಗೆ ಸೊಂಟದೆತ್ತರ ಒಣಗಿ ನಿಂತು ಗಾಳಿಗೆ ಸದ್ದು ಮಾಡುತ್ತದೆ. ಬೆಳಗಾಗುವಾಗ ಬೀಸಲು ಶುರುವಾದ ಮೂಡಣ ಗಾಳಿ ಹನ್ನೊಂದರವರೆಗೂ ನಿಲ್ಲುವುದಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡವರನ್ನು ಅದು ಪಕ್ಕಕ್ಕೆ ತಳ್ಳುತ್ತದೆ. ಬೆಳಗಿನ ಇಬ್ಬನಿಗೆ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗುತ್ತದೆ, ಹತ್ತು ಗಂಟೆಗೆ ಅದೇ ಪ್ಯಾಂಟು ಗರಿಗರಿ ಒಣಗಿರುತ್ತದೆ.

ನನ್ನ ಜೊತೆ ನಡೆಯುತ್ತಿದ್ದವರು ನಮ್ಮ ವಾಚರ್. ಐವತ್ತು ದಾಟಿದ, ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಆ ಬೆಟ್ಟದಲ್ಲಿ ದಿನಗೂಲಿಯಲ್ಲಿ ದುಡಿದಿದ್ದರು. ಆ ವರ್ಷ ಖಾಯಂ ಮಾಡುವವರ ಪಟ್ಟಿಗೆ ಅವರ ಹೆಸರು ಸೇರಿತ್ತು, ಆದೇಶ ಮಾತ್ರ ಬಂದಿರಲಿಲ್ಲ. ಯಾವಾಗ ಕರೆದಾರೋ ಎಂದು ಎರಡು ಪಾಸ್‌ಪೋರ್ಟ್ ಫೋಟೋಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡಿರುತ್ತಿದ್ದರು. ಬೆಟ್ಟ ಹತ್ತುವಾಗ ಆಗಾಗ ಕಿಸೆ ಮುಟ್ಟಿ ನೋಡಿಕೊಳ್ಳುವುದು ಅವರ ಅಭ್ಯಾಸವಾಗಿತ್ತು.

ಆ ಎರಡನೆಯ ಡಿಸೆಂಬರಿನ ಒಂದು ಗುರುವಾರ ಬೆನ್ನಿನ ಮೇಲೆ ಬೆಂಕಿ ರೇಖೆಯ ಕೆಲಸ ನಡೆಯುತ್ತಿತ್ತು. ಬೇಸಗೆಯಲ್ಲಿ ಒಂದು ಕಡೆಯ ಬೆಂಕಿ ಇನ್ನೊಂದು ಕಡೆಗೆ ದಾಟದಂತೆ ದಾರಿಯ ಬದಿಯ ಹುಲ್ಲನ್ನು ಪಟ್ಟಿಯಾಗಿ ಕೊಯ್ದು ತೆಗೆಯುತ್ತಾರೆ. ಕೊಯ್ದ ಮುಳಿ ಅಲ್ಲಲ್ಲಿ ಕಟ್ಟುಕಟ್ಟಾಗಿ ಬಿದ್ದಿತ್ತು. ಬೆನ್ನಿನ ನಡುವೆ ಒಂದು ಕಡೆ ಮೂವತ್ತು ಹೆಜ್ಜೆಯಷ್ಟು ಕಡಿದಾದ ಇಳಿಜಾರು ಉಂಟು. ಮಳೆಗಾಲ ಮುಗಿದು ಎರಡು ತಿಂಗಳಾದರೂ ಅಲ್ಲಿ ಸಣ್ಣದೊಂದು ಒರತೆ ಜಿನುಗುತ್ತ ಕೆಂಪು ಜೇಡಿಯನ್ನು ಒದ್ದೆಯಾಗಿಟ್ಟಿತ್ತು. ಅಲ್ಲಿ ನಾನು ಜಾರಿ ಕುಂಡೆ ಊರಿ ಕೂತೆ. ವಾಚರ್ ತಟ್ಟನೆ ಆಚೆಯ ಗುಡ್ಡ ನೋಡತೊಡಗಿದರು. ನನ್ನ ಮಾನ ಉಳಿಸಲು ಅವರು ಹಾಗೆ ಮಾಡಿದ್ದು, ಆದರೆ ನನಗೆ ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನನಗೆ ಕೋಪ ಮೂಗಿನ ತುದಿಯಲ್ಲಿ ಎಂದು ಮನೆಯಲ್ಲೂ ಹೇಳುತ್ತಾರೆ.

"ಅಣ್ಣ, ಆ ಕೊಯ್ದ ಮುಳಿ ಉಂಟಲ್ಲ, ಅದನ್ನು ತಂದು ಇಲ್ಲಿ ಹಾಸಿ" ಎಂದೆ.

"ಮುಳಿಯಾ ಮೇಡಂ? ಅದು ನಮ್ಮ ಸೋಗೆಯ ಹಾಗೆ ಅಲ್ಲ…"

"ಹುಲ್ಲು ಹುಲ್ಲೇ ಅಲ್ವಾ? ನಾನು ಅಜ್ಜಾವರದವಳು ಮಾರಾಯ್ರೆ. ಜಾರುವ ಜಾಗಕ್ಕೆ ಎಂತ ಹಾಕುದು ಅಂತ ನನಗೆ ಕಲಿಸುದು ಬೇಡ."

ಜೂನ್ ಬಂತೆಂದರೆ ನಮ್ಮ ಊರಿನ ಎಲ್ಲ ಮನೆಯವರೂ ಅಂಗಳದಿಂದ ದನದ ಹಟ್ಟಿಯವರೆಗೆ ಪಾಚಿ ಕಟ್ಟಿದ ದಾರಿಗೆ ಅಡಿಕೆ ಮರದ ಸೋಗೆ, ಅಂದರೆ ಗರಿ, ಹಾಸುತ್ತಾರೆ. ಅದರ ಮೇಲೆ ಕಾಲಿಟ್ಟರೆ ಜಾರುವುದಿಲ್ಲ. ಚಿಕ್ಕಂದಿನಿಂದ ನೋಡಿ ನನ್ನ ಮೈಗೆ ಹತ್ತಿದ ವಿದ್ಯೆ ಅದು. ಘಟ್ಟದ ಕೆಳಗಿನ ನಾವೆಲ್ಲ ಜಾರಿಕೆಯನ್ನು ಮಳೆಯ ಲೆಕ್ಕದಲ್ಲೇ ಅಳೆಯುತ್ತೇವೆ. ಒಣಗಿದ್ದು ಏನಿದ್ದರೂ ಅದು ಕಾಲಿಗೆ ಹಿಡಿತ ಕೊಡುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ವಾಚರ್ ಕೊಯ್ದ ಹುಲ್ಲಿನ ಕಡೆಗೆ ನಡೆದರು. ಎಂಟು ಕಟ್ಟು ಮುಳಿ ಹೊತ್ತು ತಂದು, ಎಲ್ಲದರ ತಲೆಯನ್ನೂ ಒಂದೇ ದಿಕ್ಕಿಗೆ, ಇಳಿಜಾರಿನ ಕಡೆಗೆ ಮಾಡಿ, ಚಾಪೆಯಂತೆ ಅಚ್ಚುಕಟ್ಟಾಗಿ ಹಾಸಿದರು. ಅವರು ಕಾಟಾಚಾರಕ್ಕೆ ಮಾಡಿದ ಕೆಲಸವನ್ನು ನಾನು ನೋಡಿಯೇ ಇಲ್ಲ. ಮೇಲಿನ ಸಮತಟ್ಟಿನಲ್ಲಿ ಎರಡು ಹೆಜ್ಜೆ ಇಟ್ಟು ನೋಡಿದೆ, ಚೆನ್ನಾಗಿತ್ತು. ಇಳಿಜಾರನ್ನು ಮಾತ್ರ ಹುಲ್ಲು ತುಳಿಯದೆ ಪಕ್ಕದ ಕಲ್ಲು ಹಿಡಿದು ದಾಟಿದೆವು. ಸಂಜೆ ಪುಸ್ತಕದಲ್ಲಿ, 'ವಾಚರ್ ಅವರು ಜಾರುವ ಜಾಗಕ್ಕೆ ಸ್ವತಃ ಮುಳಿಹುಲ್ಲು ಹಾಸಿ ಉತ್ತಮ ಕೆಲಸ ಮಾಡಿದ್ದಾರೆ. ದಾರಿ ಚಾರಣಕ್ಕೆ ಯೋಗ್ಯ' ಎಂದು ಬರೆದು ಸಹಿ ಹಾಕಿದೆ. ಪಟ್ಟಿಯಲ್ಲಿರುವ ಮನುಷ್ಯನಿಗೆ ನಾಲ್ಕು ಒಳ್ಳೆಯ ಮಾತು ಉಪಯೋಗಕ್ಕೆ ಬೀಳಲಿ ಎಂಬುದು ನನ್ನ ಆಲೋಚನೆ.

ಶುಕ್ರವಾರ ಯಾರೂ ಬರಲಿಲ್ಲ. ಶನಿವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಮೊದಲ ಗುಂಪು ಬೆನ್ನಿಗೆ ತಲುಪಿತು. ಪುತ್ತೂರಿನ ಒಂದು ಶಾಲೆಯ ಶಿಕ್ಷಕರು, ಹತ್ತು ಜನ. ನಾನೂ ವಾಚರೂ ಅವರ ಹಿಂದೆ ನೂರು ಮಾರು ದೂರದಲ್ಲಿದ್ದೆವು. ಕೂಗು ಕೇಳಿ ಓಡಿದಾಗ ಹಾಸಿದ ಮುಳಿಯ ನಡುವೆ ಉದ್ದಕ್ಕೆ ಒಂದು ಗೆರೆ ಬಿದ್ದಿತ್ತು. ಗಣಿತ ಕಲಿಸುವ ಟೀಚರ್ ಒಬ್ಬರು ಹುಲ್ಲಿನ ಸಮೇತ ಜಾರಿ, ದಾರಿಯ ಅಂಚು ದಾಟಿ, ಎಡಗಡೆಯ ಇಳಿಜಾರಿನಲ್ಲಿ ಇಪ್ಪತ್ತು ಅಡಿ ಕೆಳಗೆ ಒಂದು ನೆಲ್ಲಿ ಗಿಡಕ್ಕೆ ಸಿಕ್ಕಿಕೊಂಡಿದ್ದರು. ಗಿಡದಿಂದ ಕೆಳಗೆ ನೋಡುವ ಧೈರ್ಯ ನನಗಾಗಲಿಲ್ಲ.

ಮುಂದಿನ ಅರ್ಧ ಗಂಟೆ ವಾಚರ್ ಮಾಡಿದ್ದನ್ನು ನಾನು ಇವತ್ತಿಗೂ ಹೊಸಬರಿಗೆ ಹೇಳಿ ಕಲಿಸುತ್ತೇನೆ. ಮೊದಲು ಉಳಿದ ಒಂಬತ್ತು ಜನರನ್ನು ದಾರಿಯ ಬಲಕ್ಕೆ ಕೂರಿಸಿದರು. ನಿಂತವರನ್ನು ಗಾಳಿ ತಳ್ಳುತ್ತದೆ, ಕೂತವರನ್ನು ತಳ್ಳುವುದಿಲ್ಲ. ತಮ್ಮ ಚೀಲದಲ್ಲಿ ಸದಾ ಇರುತ್ತಿದ್ದ ಹಗ್ಗವನ್ನು ಬಂಡೆಗೆ ಎರಡು ಸುತ್ತು ಹಾಕಿ ತುದಿಯನ್ನು ನನ್ನ ಕೈಗೆ ಕೊಟ್ಟು, ನೆಟ್ಟಗೆ ಟೀಚರ ಮೇಲಿಂದ ಇಳಿಯದೆ, ಎರಡು ಮಾರು ಆಚೆಯಿಂದ ಇಳಿದರು. ಅವರ ಕಾಲಿನಿಂದ ಉರುಳುವ ಕಲ್ಲು ಟೀಚರ ಮೇಲೆ ಬೀಳಬಾರದಲ್ಲ. ಹತ್ತಿರ ತಲುಪಿ, ಹೆದರಬೇಡಿ ಎಂದೇನೂ ಹೇಳಲಿಲ್ಲ. ಮಾಡುವ ಒಂದೊಂದು ಕೆಲಸವನ್ನೂ ಮೊದಲೇ ಹೇಳಿ ಮಾಡಿದರು.

"ಈಗ ಸೊಂಟಕ್ಕೆ ಹಗ್ಗ ಕಟ್ಟುದು ಟೀಚರ್. ಆಯ್ತು. ಇನ್ನು ನೀವು ಬೀಳುದಿಲ್ಲ. ಈಗ ಕಾಲು ಮುಟ್ಟುದು. ನೋವಾಗ್ತದೆ. ಇಪ್ಪತ್ತರವರೆಗೆ ಎಣಿಸಿ."

ಟೀಚರ್ ಎಣಿಸಿದರು. ಹನ್ನೊಂದಕ್ಕೆ ಬರುವಾಗ ಸ್ವರ ಒಡೆಯಿತು, ಆದರೆ ನಿಲ್ಲಿಸಲಿಲ್ಲ. ಇಪ್ಪತ್ತು ಮುಗಿಯುವಷ್ಟರಲ್ಲಿ ಎರಡು ಕೋಲುಗಳ ನಡುವೆ ಕಾಲು ನೇರ ಕೂತು, ವಾಚರ ಹೆಗಲ ಮೇಲಿನ ಬೈರಾಸಿನಿಂದ ಕಟ್ಟು ಬಿದ್ದಿತ್ತು. ಎಳೆದು ಮೇಲೆ ತಂದೆವು. ಕಾಡಿನ ಅಂಚಿನಿಂದ ಎರಡು ಗಳ ಕಡಿದು ತಂದು, ಶಿಕ್ಷಕರ ನಾಲ್ಕು ಜಾಕೆಟ್ಟುಗಳ ತೋಳಿನೊಳಗೆ ತೂರಿಸಿ, ಜಿಪ್ ಎಳೆದು ಒಂದು ಡೋಲಿ ಮಾಡಿದೆವು. ಮುಂದಿನ ಎರಡು ಹೆಗಲು ವಾಚರದ್ದು ಮತ್ತು ಒಬ್ಬ ಶಿಕ್ಷಕರದ್ದು. ಹಿಂದಿನ ಎಡ ಹೆಗಲು ನನ್ನದು, ಬಲ ಹೆಗಲು ಇನ್ನೊಬ್ಬ ಶಿಕ್ಷಕರದ್ದು. ಬೆಂಕಿ ರೇಖೆಗೆ ಹುಲ್ಲು ಕೊಯ್ದಿದ್ದರಿಂದ ಇಬ್ಬರು ಅಕ್ಕಪಕ್ಕ ನಡೆಯಲು ಹೇಗೋ ಜಾಗ ಸಿಕ್ಕಿತು. ಜೀಪು ಬರುವ ಜಾಗಕ್ಕೆ ನಾಲ್ಕು ಗಂಟೆಯ ದಾರಿ.

ಹುಲ್ಲು ಮುಗಿದು ಕಾಡು ಶುರುವಾಗುವ ಕಡೆ ಟೀಚರ್ ಕಣ್ಣು ಬಿಟ್ಟು ಕೇಳಿದರು.

"ಆ ಹುಲ್ಲು ಹಾಸಿದ್ದು ಯಾರು?"

ವಾಚರ್ ತಿರುಗಿ ನೋಡಲಿಲ್ಲ, ನಡಿಗೆ ನಿಧಾನ ಮಾಡಲೂ ಇಲ್ಲ. "ನಾನು ಟೀಚರ್" ಎಂದರು.

ನನ್ನ ಹೆಜ್ಜೆ ತಪ್ಪಿತು. ಡೋಲಿ ಒಂದು ಕಡೆಗೆ ವಾಲಿ ಟೀಚರ್ ನರಳಿದರು.

"ಕ್ಷಮಿಸಿ ಟೀಚರ್, ಕಲ್ಲು ಸಿಕ್ಕಿತು" ಎಂದೆ. ಅಲ್ಲಿ ಕಲ್ಲು ಇರಲಿಲ್ಲ. ಹಾಸಲು ಹೇಳಿದ್ದು ನಾನು ಎಂಬ ಮಾತು ನಾಲಿಗೆಯವರೆಗೆ ಬಂದು ಹಿಂದೆ ಹೋಯಿತು. ಕೆಳಗೆ ತಲುಪಿದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಕೆಳಗೆ ತಲುಪಿದಾಗ ಜೀಪು ಕಾಯುತ್ತಿತ್ತು, ಟೀಚರನ್ನು ಹತ್ತಿಸಿ ಆಸ್ಪತ್ರೆಗೆ ಕಳಿಸುವ ಗಡಿಬಿಡಿಯಲ್ಲಿ ಹೇಳಲಿಲ್ಲ.

ಸೋಮವಾರ ನಮ್ಮ ರೇಂಜ್ ಕಚೇರಿಯ ಸಾಹೇಬರ ಫೋನು ಬಂತು. ಶಿಕ್ಷಕರ ಗುಂಪಿನ ಒಬ್ಬರು ದೂರು ಕೊಟ್ಟಿದ್ದರು.

"ಪುಸ್ತಕ ನನ್ನ ಎದುರಲ್ಲೇ ಉಂಟು. ವಾಚರ್ ಸ್ವತಃ ಹಾಸಿದ್ದಾರೆ ಅಂತ ನೀವೇ ಬರೆದಿದ್ದೀರಿ. ಹೇಳದೆ ಕೇಳದೆ ಇಂಥದ್ದೆಲ್ಲ ಮಾಡುವವರನ್ನು ಖಾಯಂ ಮಾಡ್ಲಿಕ್ಕೆ ಆಗ್ತದಾ? ಗುರುವಾರದೊಳಗೆ ವರದಿ ಕಳಿಸಿ. ಪಟ್ಟಿ ಶುಕ್ರವಾರ ಮೇಲಿನ ಕಚೇರಿಗೆ ಹೋಗ್ತದೆ."

ನಾನು ಹೊಗಳಿ ಬರೆದ ಸಾಲು ಅವರ ಕುತ್ತಿಗೆಗೆ ಬಂದಿತ್ತು. ಆ ಕ್ಷಣವೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಸೇವೆಯ ಮೊದಲ ವರ್ಷಗಳಲ್ಲಿ ಒಂದು ಕಪ್ಪು ಗೆರೆ ಬಿದ್ದರೆ ಏನಾದೀತೋ ಎಂಬ ಹೆದರಿಕೆ ಒಂದು ಕಡೆ, ಸಾಹೇಬರ ಧ್ವನಿ ಇನ್ನೊಂದು ಕಡೆ. "ಸರಿ ಸಾರ್, ಜಾಗ ನೋಡಿ ಬರೆಯುತ್ತೇನೆ" ಎಂದಷ್ಟೇ ಹೇಳಿದೆ.

ವಾಚರಿಗೆ ವಿಷಯ ತಿಳಿಸಿದಾಗ ಅವರು ಕಿಸೆ ಮುಟ್ಟಿಕೊಂಡರು. "ಯಾಕೆ ಜಾರಿತು ಅಂತ ಮೊದಲು ಗೊತ್ತಾಗ್ಬೇಕು ಮೇಡಂ. ಬರೆಯುದು ಮತ್ತೆ" ಎಂದರು. ನೀವು ಹೇಳಿದ್ದಲ್ವಾ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ನಾನು ಜಗಳಕ್ಕೆ ನಿಂತು ಹಗುರಾಗುತ್ತಿದ್ದೆ.

ಅಷ್ಟರಲ್ಲಿ ಆ ಇಳಿಜಾರಿಗೆ ಕಬ್ಬಿಣದ ಕಂಬ ನೆಟ್ಟು ಹಗ್ಗ ಎಳೆಯಲು ಕಚೇರಿಯಿಂದ ಹೇಳಿಕೆ ಬಂತು. ಆ ಕೆಲಸ ವಹಿಸಿಕೊಂಡವರು ಇಚಿಲಂಪಾಡಿಯ ಒಬ್ಬರು ಬ್ಯಾರಿ ಮುಸ್ಲಿಮರು. ಎಲ್ಲರೂ ಅವರನ್ನು ಗೌರವದಿಂದ ಕಾಕ ಎನ್ನುತ್ತೇವೆ. ಹದಿನೆಂಟು ವರ್ಷ ಗಲ್ಫಿನಲ್ಲಿ ಎತ್ತರದ ಕಟ್ಟಡಗಳಿಗೆ ಕಬ್ಬಿಣದ ಅಟ್ಟಣೆ ಕಟ್ಟುವ ಕೆಲಸದ ಮೇಸ್ತ್ರಿಯಾಗಿದ್ದು, ಊರಿಗೆ ಬಂದು ಕಡಬದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಮಂಗಳವಾರ ಸಂಜೆ ಕಂಬಗಳ ಜೊತೆ, ಹುಲ್ಲು ಶುರುವಾಗುವಲ್ಲಿನ ನಮ್ಮ ಕಾವಲು ಶೆಡ್ಡಿಗೆ ಬಂದರು. ಬುಧವಾರ ಬೆಳಗ್ಗೆ ಆರಕ್ಕೆ ಮೂವರೂ ಬೆಟ್ಟದ ಬೆನ್ನಿನ ಮೇಲಿದ್ದೆವು.

ಪರೀಕ್ಷೆಯ ಉಪಾಯ ವಾಚರದ್ದು. ಒಂದು ಗೋಣಿಗೆ ಮೂವತ್ತು ಕಿಲೋ ಮರಳು ತುಂಬಿ ಬಾಯಿ ಹೊಲಿದು, ತಳಕ್ಕೆ ಹಳೆಯ ಶೂಗಳ ಅಟ್ಟೆ ಹೊಲಿದಿದ್ದರು. ಗೋಣಿಗೆ ಹಗ್ಗ, ಹಗ್ಗಕ್ಕೆ ಕಾಕನ ಅಂಗಡಿಯ ಕೊಕ್ಕೆ ತಕ್ಕಡಿ. ಇಳಿಜಾರಿನಲ್ಲಿ ಅಕ್ಕಪಕ್ಕ ಮೂರು ಪಟ್ಟಿ ಗುರುತು ಮಾಡಿದೆವು. ಒಂದರಲ್ಲಿ ಹುಲ್ಲು ತೆಗೆದ ಬರೀ ಜೇಡಿ, ಎರಡನೆಯದರಲ್ಲಿ ಮೊದಲಿನಂತೆ ಉದ್ದಕ್ಕೆ ಹಾಸಿದ ಮುಳಿ, ಮೂರನೆಯದರಲ್ಲಿ ಅಡ್ಡಕ್ಕೆ ಹಾಸಿದ ಮುಳಿ. ಗೋಣಿಯನ್ನು ಪಟ್ಟಿಯ ತಲೆಯಲ್ಲಿಟ್ಟು ಕೆಳಗಿನಿಂದ ಮೆಲ್ಲಗೆ ಎಳೆಯುವುದು, ಅದು ಅಲುಗಿದಾಗ ತಕ್ಕಡಿಯ ಮುಳ್ಳು ಎಲ್ಲಿತ್ತೆಂದು ಬರೆದುಕೊಳ್ಳುವುದು. ಗಂಟೆಗೊಮ್ಮೆ, ಆರರಿಂದ ಹತ್ತರವರೆಗೆ.

ಆರು ಗಂಟೆಗೆ ಎಲ್ಲದರ ಮೇಲೂ ಇಬ್ಬನಿ ಸುರಿದಿತ್ತು. ಬರೀ ಜೇಡಿಯ ಮೇಲೆ ಗೋಣಿ ಒಂದೂವರೆ ಕಿಲೋ ಎಳೆತಕ್ಕೇ ಜಾರಿತು. ಮುಳಿಯ ಮೇಲೆ ಎಳೆಯುವ ಅಗತ್ಯವೇ ಬೀಳಲಿಲ್ಲ, ಕೈ ಬಿಟ್ಟೊಡನೆ ತಾನಾಗಿ ಹೊರಟಿತು. ಕೈ ಮರಗಟ್ಟಿ ಪೆನ್ನು ಹಿಡಿಯಲಾಗುತ್ತಿರಲಿಲ್ಲ, ಆದರೂ ನನ್ನ ಮನಸ್ಸಿಗೆ ಸಮಾಧಾನವಾಯಿತು. ಇಬ್ಬನಿ! ಟೀಚರ್ ಬಿದ್ದಾಗಲೂ ಹುಲ್ಲಿನ ಮೇಲೆ ಇಬ್ಬನಿ ಇತ್ತು. ತಪ್ಪನ್ನು ಚಳಿಗಾಲದ ಮೇಲೆ ಹಾಕಿದರೆ ಯಾರಿಗೂ ನೋವಿಲ್ಲ.

"ಅಣ್ಣ, ಇಬ್ಬನಿಯಿಂದ ಅಂತ ಬರೆಯುವ. ನಿಮ್ಮ ಹೆಸರಿಗೂ ಎಂತ ಆಗುದಿಲ್ಲ, ನನಗೂ ಎಂತ ಆಗುದಿಲ್ಲ" ಎಂದೆ.

"ಹತ್ತು ಗಂಟೆ ಆಗ್ಲಿ ಮೇಡಂ" ಎಂದರು ಅವರು.

ಏಳಕ್ಕೆ ಹಾಗೆಯೇ. ಎಂಟಕ್ಕೆ ಬಿಸಿಲು ಆಚೆಯ ಗುಡ್ಡ ದಾಟಿ ನಮ್ಮನ್ನು ಮುಟ್ಟಿತು. ಕಾಕ ಫ್ಲಾಸ್ಕಿನಿಂದ ಚಾ ಬಗ್ಗಿಸಿ ಕೊಡುತ್ತ ಗಲ್ಫಿನ ಚಳಿಗಾಲದ ಕಥೆ ತೆಗೆದರು.

"ಅಲ್ಲಿಯೂ ಚಳಿಗಾಲ ಉಂಟು ಮೇಡಂ. ಕಡಲಿನಿಂದ ಮಂಜು ಬರುದು, ಹಲಗೆ ಎಲ್ಲ ಒದ್ದೆ. ಅಟ್ಟಣೆಯ ಬುಡದಲ್ಲಿ ಒಂದು ಚೀಟಿ ನೇತಾಡ್ತದೆ, ಹಸಿರು ಇಲ್ಲದಿದ್ರೆ ಕೆಂಪು. ಹಸಿರು ಹಾಕ್ಬೇಕಾದ್ರೆ ಮೇಸ್ತ್ರಿ ಕೈಯಲ್ಲಿ ಹಲಗೆ ಮುಟ್ಟಿ ನೋಡಿ ಸಹಿ ಹಾಕುದು. ನಮ್ಮ ಸೈಟಿನಲ್ಲಿ ಇನ್ನೊಂದು ಕ್ರಮ ಇತ್ತು. ಸಹಿ ಹಾಕಿದವ ಎಲ್ಲರಿಗಿಂತ ಮೊದಲು ಹತ್ತುದು. ಅವ ತುದಿ ಮುಟ್ಟಿ ಕೈ ಬೀಸಿದ ಮೇಲೆಯೇ ಬೇರೆಯವರು."

"ಸಹಿ ಹಾಕಿದ ಮೇಲೆ ಯಾರಾದ್ರೂ ಬಿದ್ರೆ?" ಎಂದು ಕೇಳಿದೆ.

"ಹಲಗೆ ಇಟ್ಟವನನ್ನು ಯಾರೂ ಕೇಳುದಿಲ್ಲ. ಸಹಿ ಯಾರದ್ದು ಅಂತ ಕೇಳುದು."

ಹುಲ್ಲು ಹಾಸಲು ಹೇಳಿದ್ದು ಯಾರು, ಸಹಿ ಯಾರದ್ದು ಎಂಬುದು ಕಾಕನಿಗೆ ಗೊತ್ತಿರಲಿಲ್ಲ. ಅವರು ಚಾದ ಲೋಟ ತೊಳೆದು ಕಂಬದ ಗುಂಡಿ ತೋಡಲು ಹೋದರು. ನಾನು ಉಳಿದ ಚಾವನ್ನು ಹುಲ್ಲಿಗೆ ಚೆಲ್ಲಿದೆ.

ಹತ್ತು ಗಂಟೆಗೆ ಎಲ್ಲವೂ ಒಣಗಿತ್ತು. ಒರತೆಯ ಬಾಯಿಯ ಹತ್ತಿರ ಬಿಟ್ಟರೆ ಬರೀ ಜೇಡಿಯೂ ಗಾಳಿಗೆ ಬಿರುಸಾಗಿತ್ತು. ಅದರ ಮೇಲೆ ಗೋಣಿ ಅಲುಗಲು ಒಂಬತ್ತು ಕಿಲೋ ಎಳೆತ ಬೇಕಾಯಿತು. ಅಡ್ಡಕ್ಕೆ ಹಾಸಿದ ಮುಳಿಯ ಮೇಲೆ ಎರಡು ಕಿಲೋ. ಉದ್ದಕ್ಕೆ ಹಾಸಿದ ಮುಳಿಯ ಮೇಲೆ ಗೋಣಿ ಇಟ್ಟು ಕೈ ತೆಗೆದೆವು, ಬೆಳಗ್ಗಿಗಿಂತ ಜೋರಾಗಿ ಜಾರಿ ಕೆಳಗಿದ್ದ ನನ್ನ ಕಾಲಿಗೆ ಬಂದು ಬಡಿಯಿತು.

ವಾಚರ್ ಒಂದು ಮುಳಿಯ ದಂಟು ತಂದು ನನ್ನ ಕೈಗೆ ಕೊಟ್ಟರು. "ಉಜ್ಜಿ ನೋಡಿ ಮೇಡಂ."

ಬೆರಳುಗಳ ನಡುವೆ ಅದು ಪಿಂಗಾಣಿಯಂತೆ ನುಣುಪಾಗಿತ್ತು. ಹಸಿ ಸೋಗೆ ಕೆಸರಿನಲ್ಲಿ ಹೂತು ಗರಿಗಳಿಂದ ನೆಲ ಹಿಡಿದುಕೊಳ್ಳುತ್ತದೆ. ಒಣ ಮುಳಿ ಹೂಳುವುದಿಲ್ಲ, ನೆಲದ ಮೇಲೆ ತೇಲುತ್ತದೆ, ಮೇಲಿಟ್ಟ ಕಾಲನ್ನು ಹೊತ್ತುಕೊಂಡು ಕೆಳಗೆ ಹೋಗುತ್ತದೆ. ಮಾಡಿಗೆ ಹೊದೆಸುವುದೇ ಮಳೆನೀರು ಅದರ ಮೇಲೆ ನಿಲ್ಲದೆ ಜಾರಿ ಹೋಗುತ್ತದೆ ಎಂದಲ್ಲವೇ? ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಆ ಜಾಗವನ್ನು ನಾನು ಹಾಗೆಯೇ ಬಿಟ್ಟು, ಹತ್ತು ಗಂಟೆಯ ಮೊದಲು ಯಾರನ್ನೂ ಬಿಡದಿದ್ದರೆ ಸಾಕಿತ್ತು.

ಆದರೂ ನಾನು ಇನ್ನೊಮ್ಮೆ ಕೇಳಿದೆ. ಕೇಳಿದ್ದನ್ನು ಮುಚ್ಚಿಡುವುದಿಲ್ಲ.

"ಅಣ್ಣ, ಇಬ್ಬನಿ ಅಂತಲೇ ಬರೆದ್ರೆ? ನಾಡಿದ್ದು ಪಟ್ಟಿ ಹೋಗ್ತದೆ. ನಿಮಗೆ ಇಪ್ಪತ್ತೆರಡು ವರ್ಷ ಆಯ್ತು."

ಅವರು ಗೋಣಿಯ ಹಗ್ಗ ಸುತ್ತುತ್ತಿದ್ದರು. "ಇಬ್ಬನಿ ಅಂತ ಬರೆದ್ರೆ, ಬಿಸಿಲು ಬಂದ ಮೇಲೆ ತೊಂದರೆ ಇಲ್ಲ ಅಂತ ಆಗ್ತದಲ್ಲ ಮೇಡಂ? ಬೇರೆ ಬೆಟ್ಟದ ವಾಚರುಗಳೂ ಮುಳಿ ಹಾಸ್ತಾರೆ. ಬಿಸಿಲು ನೋಡಿ ಜನ ಬಿಡ್ತಾರೆ. ಇನ್ನೊಬ್ಬರು ಬೀಳುದು. ಎಲ್ಲ ಕಡೆ ನೆಲ್ಲಿ ಗಿಡ ಇರುದಿಲ್ಲ."

"ಹಾಗಾದ್ರೆ ನಿಮ್ಮ ಹೆಸರು ಹೋಗ್ತದೆ."

"ಹೋಗುದಾದ್ರೆ ಹೋಗ್ಲಿ. ಹಾಸಿದ್ದು ನಾನೇ ಅಲ್ವಾ?"

ಅಷ್ಟು ಹೇಳಿ ಪಿಕ್ಕಾಸು ಹಿಡಿದು ಇಳಿಜಾರಿಗೆ ಹೋದರು. ನಾನು ಬಂಡೆಯ ಮರೆಯಲ್ಲಿ ಕೂತು, ಗಾಳಿಗೆ ಕಾಗದ ಹಾರದಂತೆ ಮೊಣಕಾಲಿನಡಿ ಒತ್ತಿ ಹಿಡಿದು, ಅಲ್ಲೇ ವರದಿ ಬರೆದೆ. ಶೆಡ್ಡಿಗೆ ಹೋಗಿ ಬರೆಯುವಾ ಎಂದರೆ ನನ್ನ ಧೈರ್ಯ ದಾರಿಯಲ್ಲೇ ಉದುರಿಹೋಗುತ್ತದೆ ಎಂದು ನನಗೆ ಗೊತ್ತಿತ್ತು. ತಕ್ಕಡಿಯ ಅಂಕಿಗಳನ್ನು ಗಂಟೆಯ ಪ್ರಕಾರ ಬರೆದೆ. ಹುಲ್ಲು ಹಾಸಲು ಹೇಳಿದ್ದು ನಾನು, ಇಳಿಜಾರಿನಲ್ಲಿ ನಡೆದು ನೋಡದೆ ಯೋಗ್ಯ ಎಂದು ಸಹಿ ಹಾಕಿದ್ದೂ ನಾನು, ವಾಚರ್ ಬೇಡವೆಂದರೂ ನಾನು ಕೇಳಲಿಲ್ಲ ಎಂದು ಬರೆದೆ. ಎದ್ದು ಹೋಗಿ ವಾಚರಿಗೆ ಓದಿ ಹೇಳಿದೆ.

ಅವರು ಪಿಕ್ಕಾಸಿನ ಮೇಲೆ ಕೈಯೂರಿ ಪೂರ್ತಿ ಕೇಳಿದರು. "ಒಂದು ಸಾಲು ಸರಿ ಇಲ್ಲ ಮೇಡಂ. ನಾನು ಬೇಡ ಅಂತ ಹೇಳಿಲ್ಲ. ಸೋಗೆ ಹಾಗೆ ಅಲ್ಲ ಅಂತ ಹೇಳಿ ಸುಮ್ಮನಾದೆ. ಬೇಡ ಅಂತ ಗಟ್ಟಿ ಹೇಳ್ಬೇಕಿತ್ತು. ಪಟ್ಟಿಯಲ್ಲಿ ಹೆಸರು ಉಂಟಲ್ಲ, ನಿಮ್ಮ ಹತ್ತಿರ ಯಾಕೆ ನಿಷ್ಠೂರ ಅಂತ ಸುಮ್ಮನಾದೆ. ಆ ಸಾಲು ತೆಗೆಯಿರಿ."

ತೆಗೆದೆ. ತೆಗೆಯುವಾಗ ನನ್ನ ಕಣ್ಣು ತುಂಬಿತು, ಗಾಳಿ ಎಂದು ಹೇಳಿಕೊಂಡೆ. ಅಂಥ ಮನುಷ್ಯನಿಗೆ ನಾನು ಜಾರದಂತೆ ನಡೆಯುವುದನ್ನು ಕಲಿಸಲು ಹೋಗಿದ್ದೆ.

ಬುಧವಾರ ಮಧ್ಯಾಹ್ನದಿಂದ ಗುರುವಾರ ಸಂಜೆಯವರೆಗೆ ಮೂವರೂ ಬೆನ್ನು ಬಗ್ಗಿಸಿ ದುಡಿದೆವು. ಮುಳಿಯನ್ನು ಒಂದು ದಂಟೂ ಬಿಡದೆ ಗೋರಿ ತೆಗೆದೆವು. ಒರತೆಯ ನೀರನ್ನು ಸಣ್ಣ ಕಣಿಯಲ್ಲಿ ಬಲಕ್ಕೆ ತಿರುಗಿಸಿದೆವು. ವಾಚರ್ ಹದಿನೆಂಟು ಮೆಟ್ಟಿಲು ಕಡಿದು, ಪ್ರತಿ ಮೆಟ್ಟಿಲಿನ ತುಟಿಗೂ ಚಪ್ಪಟೆ ಕಲ್ಲು ಕೂರಿಸಿ, ಕಲ್ಲನ್ನು ತುಸು ಒಳಕ್ಕೆ ವಾಲಿಸಿದರು. ಕಾಕ ಒಂಬತ್ತು ಕಂಬ ನೆಟ್ಟು, ಗಾಳಿ ಬೀಸುವ ಕಡೆಯಿಂದ ಹಗ್ಗ ಎಳೆದರು. ಜನ ಗಾಳಿಯ ಕಡೆಗೆ ಒರಗಿ ನಡೆಯುತ್ತಾರೆ, ಕೈ ಆ ಕಡೆಗೇ ಹೋಗುತ್ತದೆ ಎಂದು ಅವರ ಲೆಕ್ಕ. ಕೊನೆಗೆ ಮೆಟ್ಟಿಲಿನ ಮೇಲೆ ಗೋಣಿ ಇಟ್ಟು ತಕ್ಕಡಿಯ ಮುಳ್ಳು ಕೊನೆ ಮುಟ್ಟುವವರೆಗೆ ಎಳೆದೆವು, ಗೋಣಿ ಕದಲಲಿಲ್ಲ.

ಗುರುವಾರ ಸಂಜೆ ಕಳಿಸಿದ ವರದಿ ಓದಿದ ಸಾಹೇಬರು ಫೋನಿನಲ್ಲಿ ನನಗೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಮೆಮೋ ಬಂತು, ಉತ್ತರ ಕೊಟ್ಟೆ, ಎಚ್ಚರಿಕೆಯ ಪತ್ರವೊಂದು ನನ್ನ ಕಡತ ಸೇರಿತು. ಇವತ್ತಿಗೂ ಅಲ್ಲಿದೆ. ಪಟ್ಟಿ ಮಾತ್ರ ಶುಕ್ರವಾರ ವಾಚರ ಹೆಸರಿನ ಸಮೇತವೇ ಹೋಯಿತು. ನಾಲ್ಕು ತಿಂಗಳ ನಂತರ ಆದೇಶ ಬಂದ ದಿನ ಅವರು ಕಿಸೆಯಿಂದ ಫೋಟೋ ತೆಗೆದರೆ ಎರಡೂ ಬೆವರಿಗೆ ಅಂಟಿ ಒಂದಾಗಿದ್ದವು. ಕಡಬಕ್ಕೆ ಹೋಗಿ ಹೊಸದಾಗಿ ತೆಗೆಸಿಕೊಂಡು ಬಂದರು.

ಆ ಶುಕ್ರವಾರ ಬೆಳಗ್ಗೆ ಇಳಿಜಾರಿನ ಮೇಲಿನ ಕಂಬದಲ್ಲಿ ಕಾಕ ಎಣ್ಣೆ ಡಬ್ಬಿಯ ತಗಡಿನಿಂದ ಮಾಡಿಕೊಟ್ಟ ಚೀಟಿ ನೇತಾಡುತ್ತಿತ್ತು. ಒಂದು ಮುಖಕ್ಕೆ ಹಸಿರು ಬಣ್ಣ, ಇನ್ನೊಂದಕ್ಕೆ ಕೆಂಪು. ಹತ್ತು ಗಂಟೆಗೆ ಮೆಟ್ಟಿಲನ್ನು ಕೈಯಿಂದ ಮುಟ್ಟಿ ನೋಡಿ, ಹಸಿರು ಮುಖದ ಮೇಲೆ ಸೀಮೆಸುಣ್ಣದಲ್ಲಿ ಹೊತ್ತು ಬರೆದು ಸಹಿ ಹಾಕಿ, ಕಾಯುತ್ತಿದ್ದವರ ಎದುರು ಮೊದಲು ನಾನು ಇಳಿದೆ. ಹದಿನೆಂಟು ಮೆಟ್ಟಿಲನ್ನೂ ಎಣಿಸಿದೆ. ಕೆಳಗೆ ತಲುಪಿ ಕೈ ಬೀಸಿದ ಮೇಲೆ ವಾಚರ್ ಜನರನ್ನು ಒಬ್ಬೊಬ್ಬರಾಗಿ ಬಿಟ್ಟರು. ಅಲ್ಲಿಂದೀಚೆಗೆ ಆ ಬೆಟ್ಟದಲ್ಲಿ ಅದೇ ಕ್ರಮ ನಡೆದುಬಂದಿದೆ.

ಭಾನುವಾರ ಪುತ್ತೂರಿಗೆ ಹೋದೆ. ಟೀಚರ್ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಕಾಲಿಗೆ ಪ್ಲಾಸ್ಟರು, ಪಕ್ಕದಲ್ಲಿ ಮಕ್ಕಳ ಉತ್ತರ ಪತ್ರಿಕೆಗಳ ಕಟ್ಟು. ಅವರ ಗಂಡ ಶರಬತ್ತು ತಂದಿಟ್ಟು ಒಳಗೆ ಹೋದರು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಗಿ, ನೇರವಾಗಿ ಹೇಳಿಬಿಟ್ಟೆ.

"ಟೀಚರ್, ಆ ಹುಲ್ಲು ಹಾಸ್ಲಿಕ್ಕೆ ಹೇಳಿದ್ದು ನಾನು. ವಾಚರ್ ಅಲ್ಲ."

ಅವರು ಕೆಂಪು ಪೆನ್ನಿನ ಮುಚ್ಚಳ ಹಾಕಿ ಬದಿಗಿಟ್ಟರು.

"ಗೊತ್ತುಂಟು."

"ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ನಾನು ಡೋಲಿಯಲ್ಲಿ ಮಲಗಿದ್ದೆ ಅಲ್ವಾ, ಆಕಾಶ ಒಂದೇ ಕಾಣುದು. ಕಾಲು ಮುರಿದವರಿಗೆ ಹೊತ್ತವರ ಒಂದೊಂದು ಹೆಜ್ಜೆಯೂ ಗೊತ್ತಾಗ್ತದೆ. ಅವರು 'ನಾನು' ಅಂತ ಹೇಳುವಾಗ ಅವರ ಹೆಗಲು ಸ್ವಲ್ಪವೂ ಅಲುಗಲಿಲ್ಲ. ಹಿಂದಿನ ಎಡ ಹೆಗಲು ಕುಸಿಯಿತು. ನೀವು ಕಲ್ಲು ಸಿಕ್ಕಿತು ಅಂದ್ರಿ."

ನಾನು ತಲೆ ತಗ್ಗಿಸಿದೆ. "ಮತ್ತೆ ದೂರಿನಲ್ಲಿ ಯಾಕೆ ಹೇಳ್ಲಿಲ್ಲ?"

"ದೂರು ನನ್ನದಲ್ಲ. ಮತ್ತೆ, ಹೇಳುದು ನಿಮ್ಮ ಕೆಲಸ ಅಲ್ವಾ? ಇಷ್ಟು ದಿನ ಕಾದೆ." ಅವರು ಶರಬತ್ತಿನ ಲೋಟವನ್ನು ನನ್ನ ಕಡೆಗೆ ಸರಿಸಿದರು. "ಮುಂದಿನ ಚಳಿಗಾಲಕ್ಕೆ ಬರ್ತೇನೆ. ಆ ಜಾಗ ನನಗೆ ದಾಟ್ಬೇಕು. ನೀವು ಎದುರಿನಿಂದ ನಡೆಯಿರಿ, ನಾನು ಹಿಂದಿನಿಂದ ಬರ್ತೇನೆ."

ಆಗಲಿ ಎಂದೆ. ಲೋಟ ಎತ್ತಿಕೊಂಡು ಪೂರ್ತಿ ಕುಡಿದೆ.